ನೇರಳೆಕುದ್ರು ಹೈಸ್ಕೂಲಿನ ಜೆರ್ಟ್ರೂಡ್ ಟೀಚರು

ಜೆರ್ಟ್ರೂಡ್ ಟೀಚರು ಹಾಜರಿ ಕರೆಯುವಾಗ ಸಂಖ್ಯೆ ಹೇಳುತ್ತಿರಲಿಲ್ಲ. ‘ನಂಬರ್ ಒನ್’, ‘ನಂಬರ್ ಟೂ’ ಎಂದು ಕೂಗುವುದು, ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಕೂರುವುದು, ಎರಡು ನಿಮಿಷದಲ್ಲಿ ಪುಸ್ತಕ ಮಡಚಿಡುವುದು ಇದೇ ಶಿಸ್ತೆಂದು ಜಿಲ್ಲೆಯ ಹೈಸ್ಕೂಲುಗಳೆಲ್ಲ ನಂಬಿದ್ದ ಆ ಕಾಲದಲ್ಲಿ, ಕೆಮ್ಮಣ್ಣು ಊರಿನಾಚೆಯ ನೇರಳೆಕುದ್ರುವಿನ ಬೋರ್ಡು ಹೈಸ್ಕೂಲಿನ ಈ ಹೆಡ್‌ಮಿಸ್ಟ್ರೆಸ್ಸು ಪ್ರತಿಯೊಂದು ಮಗುವಿನ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ, ಆ ಮಗುವಿನ ತಾಯಿ ಮನೆಯ ಅಂಗಳದಲ್ಲಿ ನಿಂತು ಹೇಗೆ ಕರೆಯುವಳೋ ಹಾಗೆಯೇ ಕರೆಯುತ್ತಿದ್ದರು. ಕೊಂಕಣಿ ಮನೆಯ ಮಗುವಿಗೆ ಕೊಂಕಣಿಯ ಎಳೆತ, ತುಳು ಮನೆಯ ಮಗುವಿಗೆ ತುಳುವಿನ ಒತ್ತು, ಬ್ಯಾರಿ ಮನೆಯ ಮಗುವಿಗೆ ಆ ಮನೆಯ ನುಡಿಯ ಮೆದುತನ. ಉಚ್ಚಾರ ತಪ್ಪಿದರೆ ಮಗುವಿನಿಂದಲೇ ತಿದ್ದಿಸಿಕೊಂಡು ಮತ್ತೊಮ್ಮೆ ಕರೆಯುವರು. ‘ಇದ್ದೇನೆ ಟೀಚರ್’ ಎಂಬ ಉತ್ತರ ಬರುವವರೆಗೆ ಕಣ್ಣೆತ್ತಿ ಅದರ ಮುಖವನ್ನೇ ನೋಡುತ್ತಿರುವರು. ಹೀಗೆ ದಿನಕ್ಕೆ ಹತ್ತು ನಿಮಿಷ ವ್ಯರ್ಥವಾಗುತ್ತದೆಂದು ತನಿಖೆಗೆ ಬಂದವರೊಬ್ಬರು ಷರಾ ಬರೆದದ್ದೂ ಉಂಟು. ಟೀಚರು ಆ ಷರಾವನ್ನು ವಿನಯದಿಂದ ಓದಿ, ಸಹಿ ಹಾಕಿ, ಮರುದಿನ ಬೆಳಿಗ್ಗೆ ಮತ್ತೆ ಹತ್ತು ನಿಮಿಷ ತೆಗೆದುಕೊಂಡರು.

ಅವರು ಕಲ್ಯಾಣಪುರದವರು. ಎತ್ತರದ ಆಳು, ಒಣಕಲು ಮೈ, ಉದ್ದನೆಯ ಮುಖ. ನಡೆಯುವಾಗ ಎದುರು ಗಾಳಿಯನ್ನು ಸೀಳುವವರಂತೆ ಭುಜಗಳನ್ನು ಮುಂದಕ್ಕೆ ಬಾಗಿಸಿ, ನೆರಿಗೆಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ದಾಪುಗಾಲು ಹಾಕುತ್ತಿದ್ದರು. ಗದ್ದೆಗಳ ನಡುವಿನ ಹುಣಿಯ ಮೇಲೆ ಮೈಲಿ ದೂರದಲ್ಲಿ ಕಾಣಿಸಿದರೂ ಊರಿನವರು ನಡಿಗೆಯಿಂದಲೇ ‘ಅದು ಟೀಚರು’ ಎಂದು ಗುರುತಿಸುತ್ತಿದ್ದರು. ಮಳೆಗಾಲದಲ್ಲಿ ಗುರುತು ಇನ್ನೂ ಸುಲಭ. ಬೊಂಬಾಯಿಯ ರೈಲ್ವೆಯಲ್ಲಿದ್ದ ಅವರ ತಂದೆ ಲೂಯಿಸರು ಬಿಟ್ಟುಹೋದ ಖಾಕಿ ಮಳೆಕೋಟೊಂದು, ಪಾದದ ಗಂಟಿನವರೆಗೆ ಇಳಿಬಿದ್ದು, ತೋಳು ಬೆರಳ ತುದಿಯನ್ನೂ ಮುಚ್ಚುವಷ್ಟು ದೊಡ್ಡದು, ಜೂನ್ ತಿಂಗಳಲ್ಲಿ ಪೆಟ್ಟಿಗೆಯಿಂದ ಹೊರಬಂದರೆ ಸೆಪ್ಟೆಂಬರಿನವರೆಗೆ ಅವರ ಮೈಯಿಂದ ಇಳಿಯುತ್ತಿರಲಿಲ್ಲ. ಮಕ್ಕಳು ಬೆನ್ನ ಹಿಂದೆ ‘ಕೋಟು ಟೀಚರ್’ ಎನ್ನುತ್ತಿದ್ದುದು ಅವರಿಗೆ ಗೊತ್ತಿತ್ತು. ಗೊತ್ತಿದೆಯೆಂದು ಮಕ್ಕಳಿಗೂ ಗೊತ್ತಿತ್ತು.

ಮಾತು ಕಡಿಮೆ. ಯಾರಾದರೂ ಕಷ್ಟಸುಖ, ನೆವ, ಕಾರಣಗಳನ್ನು ವಿಸ್ತಾರವಾಗಿ ಹೇಳಿದರೆ ಅಷ್ಟನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ‘ಸರಿ, ಮಗು ಎಲ್ಲಿ?’ ಎಂದು ಕೇಳುವರು. ಎಲ್ಲ ಸಂಭಾಷಣೆಯೂ ಅವರಲ್ಲಿ ಈ ಪ್ರಶ್ನೆಗೇ ಬಂದು ನಿಲ್ಲುತ್ತಿತ್ತು.

ಶಾಲೆಯೆಂದರೆ ಒಂದು ಕಾಲಕ್ಕೆ ತೆಂಗಿನ ನಾರಿನ ಗೋದಾಮಾಗಿದ್ದ, ಹೆಂಚು ಹೊದೆಸಿದ ಉದ್ದನೆಯ ಕಟ್ಟಡ. ನಡುವೆ ಬಿದಿರಿನ ತಟ್ಟಿ ಕಟ್ಟಿ ಕೋಣೆಗಳನ್ನಾಗಿ ಮಾಡಿದ್ದರು. ಪೂರ್ವಕ್ಕೆ ಗದ್ದೆ ಬಯಲು, ಪಶ್ಚಿಮಕ್ಕೆ ಸ್ವರ್ಣೆ ಹೊಳೆಯ ಹಿನ್ನೀರು, ಅದರಾಚೆ ಮರಳ ದಿಣ್ಣೆ, ದಿಣ್ಣೆಯಾಚೆ ಕಡಲು. ಅನುಕೂಲವಿದ್ದವರ ಮಕ್ಕಳು ಬಸ್ಸು ಹಿಡಿದು ಉಡುಪಿಯ ಹೈಸ್ಕೂಲುಗಳಿಗೆ ಹೋಗುವರು; ಅನುಕೂಲವಿಲ್ಲದವರ ಮಕ್ಕಳು ಏಳನೆಯ ತರಗತಿಗೆ ಓದು ಮುಗಿಸಿ ದೋಣಿಗೋ ಗದ್ದೆಗೋ ಒಲೆಯ ಬುಡಕ್ಕೋ ಸೇರುವರು. ಇವೆರಡರ ನಡುವೆ ಬೋರ್ಡು ಹೈಸ್ಕೂಲಿನ ಬೆಂಚುಗಳು ಖಾಲಿ. ಜೆರ್ಟ್ರೂಡ್ ಟೀಚರು ಇಲ್ಲಿಗೆ ಬಂದ ಮೂರನೆಯ ವರ್ಷ, ಐವತ್ತೊಂಬತ್ತರ ಜೂನ್ ತಿಂಗಳಲ್ಲಿ, ಎಂಟನೆಯ ತರಗತಿಗೆ ಸೇರಿದ ಮಕ್ಕಳು ಹನ್ನೊಂದು.

ಆಗ ಮಂಗಳೂರಿನ ಕಚೇರಿಯಿಂದ ಕಾಗದ ಬಂತು. ಜುಲೈ ಮೂವತ್ತೊಂದರಂದು ಇನ್ಸ್‌ಪೆಕ್ಟರರು ಬಂದು ತಲೆ ಎಣಿಸುವರು. ಎಂಟನೆಯ ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಾದರೂ ಇರದಿದ್ದರೆ ಆ ತರಗತಿಗೆ ಮಂಜೂರಾತಿ ಇಲ್ಲ. ಮೇಲಿನ ತರಗತಿಗಳ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳುಹಿಸಿ ಹಂತಹಂತವಾಗಿ ಹೈಸ್ಕೂಲನ್ನು ಮುಚ್ಚಲಾಗುವುದು.

ಕಾಗದವನ್ನು ಟೀಚರು ಎರಡು ಸಲ ಓದಿ, ಸಹಾಯಕ ಶಿಕ್ಷಕ ಗುಣಪಾಲರ ಕೈಗಿತ್ತರು. ಗುಣಪಾಲರು ಕಾರ್ಕಳದ ಜೈನರು, ಗಣಿತದಲ್ಲಿ ನಿಷ್ಣಾತರು, ಸ್ವಭಾವತಃ ಅಂಜುಕುಳಿ. ಅವರು ಬಾಗಿಲತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು:

“ಏಳನೆಯ ಪಾಸಾದವರ ಪಟ್ಟಿ ನಮ್ಮ ಹತ್ತಿರ ಉಂಟಲ್ಲ ಟೀಚರೇ. ಅದರಿಂದ ಒಂದು ಹದಿನೈದು ಹೆಸರು ರಿಜಿಸ್ಟರಿಗೆ ಬರೆದರೆ ಆಯ್ತು. ಇನ್ಸ್‌ಪೆಕ್ಟರ್ ಬರುವ ದಿನ ಮಳೆ ಅಂತ ಬರಲಿಲ್ಲ ಎನ್ನಬಹುದು. ಎಲ್ಲ ಕಡೆ ಮಾಡ್ತಾರೆ.”

“ಬರೆದ ಮೇಲೆ ಬೆಳಿಗ್ಗೆ ಆ ಹೆಸರನ್ನು ನಾನು ಕರೆಯಬೇಕಲ್ಲ ಗುಣಪಾಲರೇ,” ಎಂದರು ಟೀಚರು. “ಇದ್ದೇನೆ ಅಂತ ಯಾರು ಹೇಳುವುದು?”

ಅಂದು ಸಂಜೆಯೇ ಕೋಟು ತೊಟ್ಟು ಹೊರಟರು. ಆ ಮಳೆಗಾಲದ ಆರೇಳು ವಾರ ನೇರಳೆಕುದ್ರುವಿನ ಹುಣಿಗಳ ಮೇಲೆ, ಹಳ್ಳ ದಾಟುವ ಮರದ ಸಂಕಗಳ ಮೇಲೆ, ದೋಣಿಗಳಲ್ಲಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಆ ಖಾಕಿ ಆಕೃತಿ ಕಾಣಿಸದ ಸಂಜೆಯಿಲ್ಲ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದದ್ದೇ ತಡ ಅಲ್ಲಿಂದಲೇ ನೇರ ಹೊರಡುವರು. ಹೋದ ಮನೆಯಲ್ಲಿ ಕೊಟ್ಟದ್ದನ್ನು ಕುಡಿಯುವರು, ತೋರಿಸಿದಲ್ಲಿ ಕೂರುವರು, ಮಳೆಯ ವಿಚಾರ, ಜ್ವರದ ವಿಚಾರ, ಮದುವೆಯ ವಿಚಾರ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಅದೇ ಪ್ರಶ್ನೆ.

ತೆಂಗಿನಕಾಯಿ ವ್ಯಾಪಾರದ ಹಮ್ಮಬ್ಬ ಬ್ಯಾರಿಗಳಿಗೆ ಏಳನೆಯ ಪಾಸಾದ ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಹುಡುಗನನ್ನು ಕಳಿಸಲು ಒಪ್ಪಿದರು, ಹುಡುಗಿಯ ಮಾತು ಬಂದಾಗ ಗಡ್ಡ ನೀವಿಕೊಂಡರು. ಕಲಿಸುವುದು ಯಾರು, ಏನನ್ನು ಕಲಿಸುವುದು, ತಟ್ಟಿಯ ಆಚೆ ಯಾರು ಇರುವುದು? “ಬಂದು ನೋಡಿ,” ಎಂದರು ಟೀಚರು. ಹಮ್ಮಬ್ಬರು ನಿಜಕ್ಕೂ ಬಂದರು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಜಗಲಿಯಲ್ಲಿ ಸ್ಟೂಲು ಹಾಕಿ ಕೂತು, ಎಂಟನೆಯ ತರಗತಿಗೆ ನಡೆದ ಪಾಠವನ್ನೆಲ್ಲ, ಬೀಜಗಣಿತವನ್ನೂ ಬಿಡದೆ, ಕಿವಿಗೊಟ್ಟು ಕೇಳಿದರು. ನಾಲ್ಕನೆಯ ದಿನ ಸ್ಟೂಲು ಖಾಲಿಯಿತ್ತು. ಮಕ್ಕಳಿಬ್ಬರೂ ಒಳಗೆ ಬಂದು ಕೂತಿದ್ದರು.

ಎಲ್ಲ ಮನೆಗಳೂ ಇಷ್ಟು ಸುಲಭವಾಗಿರಲಿಲ್ಲ. ಮರಳ ದಿಣ್ಣೆಯ ಮೇಲಿನ ಮೊಗವೀರರ ಕೇರಿಯಲ್ಲಿ ಸುಂದರಿ ಎಂಬವಳ ಮನೆ. ಮೀನಿನ ಬುಟ್ಟಿ ಹೊತ್ತು ಕಲ್ಯಾಣಪುರದವರೆಗೆ ನಡೆದು ಮಾರುವ ಗಟ್ಟಿ ಹೆಂಗಸು. ಅವಳ ಮಗಳು ಸರಸ ಏಳನೆಯ ತರಗತಿಯಲ್ಲಿ ಇಡೀ ವಲಯಕ್ಕೇ ಮೊದಲಾಗಿ ಪಾಸಾದವಳು. ಈಗ ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಂಡು ಒಣಮೀನಿಗೆ ಉಪ್ಪು ಹಾಕುತ್ತಿದ್ದಳು. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯುವಂತಿಲ್ಲ; ಕೇರಿಯಲ್ಲಿ ಎಲ್ಲರೂ ಮನೆಯಲ್ಲೇ. “ಬಲೆ ಟೀಚರೇ, ಕುಲ್ಲುಲೆ,” ಎಂದು ಸುಂದರಿ ತುಳುವಿನಲ್ಲಿ ಬರಮಾಡಿಕೊಂಡು ಚಾಪೆ ಕೊಡವಿ ಹಾಸಿದಳು. ಟೀಚರು ಕೂತರು. ಮಾತು ಹಿಂದೆಮುಂದೆ ಹೋಯಿತು. ಮಳೆ ನಿಂತ ಮೇಲೆ ಮೀನು ಬರುವ ಹೊತ್ತಿಗೆ ಮನೆಯಲ್ಲಿ ಯಾರು, ಗಂಡು ಹುಡುಗರ ನಡುವೆ ಹೆಣ್ಣು ಹೇಗೆ, ಓದಿ ಎಂತ ಮಾಡಲಿಕ್ಕುಂಟು. ಟೀಚರು ಎಲ್ಲಕ್ಕೂ ಸಮಾಧಾನ ಹೇಳಿದರು. ಕೊನೆಗೆ ಸುಂದರಿ ಯಾವ ಕುಹಕವೂ ಇಲ್ಲದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು:

“ನಿಮ್ಮ ಮನೆಯ ಹುಡುಗಿ ಯಾವ ಶಾಲೆಗೆ ಹೋಗುವುದು ಟೀಚರೇ? ನಿಮ್ಮ ತಮ್ಮನ ಮಗಳು ಉಂಟಲ್ಲ, ಇವಳದೇ ಪ್ರಾಯ?”

ಟೀಚರು ಎದ್ದು ಕೋಟು ತೊಟ್ಟರು. ತಮ್ಮ ಕ್ಲಾರೆನ್ಸನ ಮಗಳು ಪ್ಯಾಟ್ರಿಶಿಯಾ ಉಡುಪಿ ಪೇಟೆಯ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅದನ್ನು ಅವರು ಈವರೆಗೆ ಪ್ರಶ್ನಿಸಿರಲಿಲ್ಲ. ಪ್ರಶ್ನೆಯೆಂದೇ ಅವರಿಗೆ ತೋರಿರಲಿಲ್ಲ. ಮರಳಿನಲ್ಲಿ ಕಾಲು ಹೂಳುತ್ತ ಕೀಳುತ್ತ ದೋಣಿಯ ಕಡೆಗೆ ನಡೆಯುವಾಗ ಅವರಿಗೆ ನಾಚಿಕೆಯಾಯಿತು. ಊರಿನವರ ಮಕ್ಕಳಿಗೆ ಸಾಕೆನಿಸಿದ ಶಾಲೆ ತನ್ನ ಮನೆಯ ಮಗುವಿಗೆ ಸಾಲದೆಂದು ತಾನೇ ಒಳಗೊಳಗೆ ಒಪ್ಪಿಕೊಂಡಿದ್ದೆನಲ್ಲ ಎಂಬ ನಾಚಿಕೆ.

ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ತೆಗೆದರು. ಅವಿವಾಹಿತೆಯಾದ ಅವರು ತಮ್ಮನ ಕುಟುಂಬದೊಡನೆಯೇ ಇದ್ದರು. ಅಕ್ಕತಮ್ಮಂದಿರು ಎಂದೂ ದನಿಯೇರಿಸಿ ಮಾತಾಡಿದವರಲ್ಲ. ಅಂದು ಕ್ಲಾರೆನ್ಸ್ ತಟ್ಟೆಯಿಂದ ಕೈ ಎತ್ತಿದ.

“ನೀನು ಕಲಿಸುವುದು ನಿನ್ನ ಕೆಲಸ ಅಕ್ಕ. ಅದಕ್ಕೆ ನನ್ನ ಮಗಳನ್ನು ಗೋದಾಮಿನಲ್ಲಿ ಕೂರಿಸುವುದಾ? ಇಂಗ್ಲಿಷ್ ಬೇಡವಾ ಅವಳಿಗೆ? ಜನ ಎಂತ ಹೇಳ್ತಾರೆ?”

“ಇಂಗ್ಲಿಷ್ ಕಲಿಸುವುದು ನಾನೇ,” ಎಂದರು ಟೀಚರು.

ಮೂರು ದಿನ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾಲ್ಕನೆಯ ದಿನ ಬಾಯಿ ತೆರೆದವಳು ಕ್ಲಾರೆನ್ಸನ ಹೆಂಡತಿ ರೋಸಲಿನ್, ಆ ಮನೆಯಲ್ಲಿ ಯಾವುದಕ್ಕೂ ಅಡ್ಡ ಬಾರದವಳು. ಗಂಡನಿಗೆ ಗಂಜಿ ಬಡಿಸುತ್ತ, “ನಿಮ್ಮ ಅಕ್ಕ ಕಲಿಸುವುದು ಸರಿ ಇಲ್ಲ ಅಂತಲಾ? ಹಾಗಾದರೆ ಅದನ್ನು ಬಾಯಿಬಿಟ್ಟು ಹೇಳಿಬಿಡಿ,” ಎಂದಳು. ಕ್ಲಾರೆನ್ಸನಿಗೆ ಅದನ್ನು ಹೇಳಲಾಗಲಿಲ್ಲ. ಸೋಮವಾರ ಪ್ಯಾಟ್ರಿಶಿಯಾ ಕಾನ್ವೆಂಟಿನ ನೀಲಿ ಲಂಗದಲ್ಲೇ, ಕೆಂಪಾದ ಕಣ್ಣುಗಳೊಡನೆ, ಅತ್ತೆಯ ಹಿಂದೆ ಹುಣಿಯ ಮೇಲೆ ನಡೆದು ಬಂದಳು. ಬುಧವಾರ ಸರಸ ಬಂದಳು. ಪ್ಯಾಟ್ರಿಶಿಯಾ ಅತ್ತದ್ದು ಎಷ್ಟು ದಿನವೋ ಗೊತ್ತಿಲ್ಲ, ತಿಂಗಳು ಮುಗಿಯುವುದರೊಳಗೆ ಆ ಇಬ್ಬರು ಹುಡುಗಿಯರನ್ನು ಬೇರೆ ಬೇರೆಯಾಗಿ ಕಂಡವರಿಲ್ಲ.

ಹೀಗೆ ಒಂದೊಂದೇ ಮನೆಯಿಂದ ಒಂದೊಂದೇ ಮಗು ಬಂದು, ಜುಲೈ ಇಪ್ಪತ್ತರ ಹೊತ್ತಿಗೆ ಇಪ್ಪತ್ನಾಲ್ಕಾಯಿತು. ಗುಣಪಾಲರ ಮುಖದಲ್ಲಿ ನಗು ಮೂಡಿತು. ಇನ್ನೊಂದು ತಾನೇ! ಟೀಚರು ತಮ್ಮ ಪಟ್ಟಿಯನ್ನು ಹಿಡಿದು, ಹೋಗದ ಮನೆ ಇನ್ನು ಉಳಿದಿಲ್ಲವಲ್ಲ ಎಂದು ಚಿಂತಿಸುತ್ತಿದ್ದಾಗ, ಗಂಟೆ ಬಾರಿಸಲು ಎದ್ದ ಜವಾನ ಬೂಬ, ಅರುವತ್ತರ ಹತ್ತಿರದ ಮಿತಭಾಷಿ ಮುದುಕ, ಹೋಗುತ್ತ ಹೋಗುತ್ತ ಹೇಳಿದ:

“ಗುಡ್ಡೆಯ ಬದಿಯಲ್ಲಿ ಕೊರಗರ ಎರಡು ಮನೆ ಉಂಟು. ಅಲ್ಲಿಗೆ ನೀವು ಹೋಗಲಿಲ್ಲ.”

ಹೋಗಿರಲಿಲ್ಲ. ಪ್ರತಿದಿನ ಆ ಗುಡ್ಡೆಯ ಬದಿಯಿಂದಲೇ ನಡೆದು ಬರುತ್ತಿದ್ದರು. ಊರು ಮುಟ್ಟಿಸಿಕೊಳ್ಳದ ಆ ಜನ ಬುಟ್ಟಿ ಹೆಣೆಯುತ್ತ ಕೂತಿದ್ದುದನ್ನು ನೋಡಿದ್ದರು. ಅಲ್ಲೊಂದು ಮಗುವಿರಬಹುದು, ಅದು ಓದಿರಬಹುದು ಎಂಬ ಯೋಚನೆ, ಇಡೀ ಊರಿನ ಬಾಗಿಲು ತಟ್ಟಿದ ಈ ಹೆಂಗಸಿಗೆ ಒಮ್ಮೆಯೂ ಬಂದಿರಲಿಲ್ಲ. ಈ ಮಾತನ್ನು ಮುಂದೆ ಅವರು ತಾವಾಗಿಯೇ ಅನೇಕರ ಬಳಿ ಹೇಳಿಕೊಂಡರು, ಮುಚ್ಚಿಡಲಿಲ್ಲ. “ಬೂಬ ಹೇಳದಿದ್ದರೆ ನಾನು ಹೋಗುತ್ತಿರಲಿಲ್ಲ,” ಎನ್ನುತ್ತಿದ್ದರು.

ಅಂದೇ ಹೋದರು. ಅವುಗಳಲ್ಲಿ ಒಂದು ಮನೆಯ ಯಜಮಾನ ಕೊಗ್ಗ ಟೀಚರನ್ನು ಕಂಡದ್ದೇ ಹತ್ತು ಮಾರು ಹಿಂದೆ ಸರಿದು ನಿಂತ. ಟೀಚರು ಅಂಗಳದ ಕಲ್ಲಿನ ಮೇಲೆ ಕೂತರು. ಅವನ ಮಗ ಐತ ಕಾರ್ಕಳದ ಕಡೆ ಅಜ್ಜಿಯ ಜೊತೆಯಲ್ಲಿದ್ದು ಅಲ್ಲಿನ ಶಾಲೆಯಲ್ಲಿ ಏಳನೆಯ ಪಾಸು ಮಾಡಿ ಬಂದಿದ್ದ. ಕೊಗ್ಗ ನಿಂತಲ್ಲಿಂದಲೇ ಕೇಳಿದ.

“ಅವನನ್ನು ಎಲ್ಲಿ ಕೂರಿಸುತ್ತೀರಿ?”

“ಬೆಂಚಿನ ಮೇಲೆ.”

“ಯಾವ ಬೆಂಚು?”

“ಅದಕ್ಕೆ ಅವನ ಎತ್ತರ ನೋಡಬೇಕು. ಹುಡುಗ ಎಲ್ಲಿ?”

ಜೆರ್ಟ್ರೂಡ್ ಟೀಚರ ತರಗತಿಯಲ್ಲಿ ಮಕ್ಕಳು ಕೂರುತ್ತಿದ್ದುದು ಎತ್ತರದ ಕ್ರಮದಲ್ಲಿ. ಕುಳ್ಳರು ಮುಂದೆ, ಉದ್ದದವರು ಹಿಂದೆ. ಇದು ಅವರು ಬಂದ ದಿನದಿಂದ ನಡೆಸಿಕೊಂಡು ಬಂದ ಕಟ್ಟಳೆ. ಐತ ತರಗತಿಯಲ್ಲೇ ಅತ್ಯಂತ ಕುಳ್ಳ. ಹಾಗಾಗಿ ಮರುದಿನ ಅವನು ಮೊದಲನೆಯ ಬೆಂಚಿನಲ್ಲಿ, ತೆಂಕುಮನೆಯ ಹುಡುಗನ ಪಕ್ಕದಲ್ಲಿ ಕೂತ. ರಿಜಿಸ್ಟರಿನಲ್ಲಿ ಇಪ್ಪತ್ತೈದು ಹೆಸರುಗಳು ತುಂಬಿದವು.

ತೆಂಕುಮನೆಯೆಂದರೆ ಊರಿನ ದೊಡ್ಡ ಮನೆ. ಆ ಮನೆಯ ಮತ್ತು ದಾಯಾದಿಗಳ ನಾಲ್ಕು ಮಕ್ಕಳು ಆ ತರಗತಿಯಲ್ಲಿದ್ದರು. ಮೂರನೆಯ ದಿನ ಯಜಮಾನರು ತಾವೇ ಬಂದರು. ಕೂಗಾಡಲಿಲ್ಲ, ಅವರು ಅಂಥವರಲ್ಲ. ಕುರ್ಚಿಯಲ್ಲಿ ಕೂತು, ಟೀಚರ ಶ್ರಮವನ್ನು ಹೊಗಳಿ, ಆಮೇಲೆ ಬಹಳ ಸಾವಧಾನದಿಂದ ಹೇಳಿದರು:

“ಆ ಹುಡುಗ ಕಲಿಯಲಿ ಟೀಚರೇ, ಬೇಡ ಎನ್ನುವುದಿಲ್ಲ. ಹಿಂದೆ ಕಿಟಿಕಿಯ ಹತ್ತಿರ ಅವನಿಗೆ ಬೇರೆ ಒಂದು ಸ್ಟೂಲು ಹಾಕಿ. ಅಷ್ಟೇ. ಇಲ್ಲದಿದ್ದರೆ ನಮ್ಮ ಮಕ್ಕಳನ್ನು ಉಡುಪಿಗೆ ಕಳಿಸಬೇಕಾಗ್ತದೆ.”

ಟೀಚರು ತಟ್ಟಿಯ ಕಡೆ ನೋಡಿದರು. ಆಚೆ ಗುಣಪಾಲರು ಪಾಠ ನಿಲ್ಲಿಸಿ ಕಿವಿಗೊಟ್ಟಿರುವುದು ಅವರಿಗೆ ತಿಳಿಯುತ್ತಿತ್ತು.

“ಹುಡುಗ ಕುಳ್ಳ,” ಎಂದರು. “ಹಿಂದೆ ಕೂತರೆ ಅವನಿಗೆ ಬೋರ್ಡು ಕಾಣುವುದಿಲ್ಲ.”

ಯಜಮಾನರು ಎದ್ದು ಕೈಮುಗಿದು ಹೋದರು. ಮಧ್ಯಾಹ್ನದ ಗಂಟೆಗೆ ನಾಲ್ಕು ಮಕ್ಕಳು ಪುಸ್ತಕ ಕಟ್ಟಿಕೊಂಡು ಹೊರಟವು. ಇಪ್ಪತ್ತೊಂದು. ಇನ್ಸ್‌ಪೆಕ್ಟರರು ಬರಲು ಇನ್ನು ಆರು ದಿನ.

“ಒಬ್ಬನಿಗಾಗಿ ನಾಲ್ವರು ಹೋದರು ಟೀಚರೇ,” ಎಂದರು ಗುಣಪಾಲರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. “ನಾಳೆ ಶಾಲೆಯೇ ಹೋದರೆ ಆ ಒಬ್ಬ ಎಲ್ಲಿ ಓದುವುದು? ಉಳಿದವರು ಎಲ್ಲಿ?”

ಟೀಚರನ್ನು ಧೀರರೆಂದು ಹೊಗಳುವವರು ಈ ಆರು ದಿನಗಳನ್ನು ಮರೆಯಬಾರದು. ತಾನು ಸರಿಯೋ ಎಂಬುದು ಅವರಿಗೇ ನಿಶ್ಚಯವಿರಲಿಲ್ಲ. ಒಂದು ಸ್ಟೂಲಿನ ಮಾತು. ಆ ಸ್ಟೂಲನ್ನು ಹಾಕಿದ್ದರೆ ಸರಸ, ಹಮ್ಮಬ್ಬರ ಅವಳಿಗಳು, ಒತ್ತಾಯದಿಂದ ಕರೆತಂದ ಪ್ಯಾಟ್ರಿಶಿಯಾ, ಎಲ್ಲರ ಓದೂ ಉಳಿಯುತ್ತಿತ್ತು. ಇಗರ್ಜಿಯಲ್ಲಿ ಮೊಣಕಾಲೂರಿದಾಗ ಅವರು ಕೇಳಿಕೊಂಡದ್ದು ಮಕ್ಕಳನ್ನಲ್ಲ, ನಿದ್ರೆಯನ್ನು ಎಂದು ರೋಸಲಿನ್ ಮುಂದೊಮ್ಮೆ ನಗುತ್ತ ಹೇಳಿದ್ದಳು. ಆದರೆ ಪ್ರತಿ ಬೆಳಿಗ್ಗೆ ಸ್ಟೂಲು ಹಾಕುವುದು ಅವರ ಕೈಯಿಂದಾಗಲಿಲ್ಲ. ಯೋಚನೆಯಲ್ಲಿ ಸಾಧ್ಯವಾದದ್ದು ಹುಡುಗನ ಮುಖ ಕಂಡೊಡನೆ ಅಸಾಧ್ಯವಾಗುತ್ತಿತ್ತು.

ಅಂಥದೊಂದು ಬೆಳಿಗ್ಗೆ ಐತನೇ ಅವರ ಮೇಜಿನ ಬಳಿ ಬಂದು ನಿಂತ. ಅವನಿಗೆ ಎಲ್ಲವೂ ತಿಳಿದಿತ್ತು.

“ನಾನು ಹೋಗ್ತೇನೆ ಟೀಚರ್. ಆಗ ಅವರು ನಾಲ್ಕು ಮಂದಿ ಬರ್ತಾರಲ್ಲ. ಇಪ್ಪತ್ತೊಂದರಲ್ಲಿ ಒಂದು ಕಳೆದು ನಾಲ್ಕು ಕೂಡಿಸಿದರೆ ಇಪ್ಪತ್ನಾಲ್ಕು. ಮತ್ತೆ ಒಂದು ಮಾತ್ರ ಬೇಕು.”

ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನಿನ್ನ ಲೆಕ್ಕ ಸರಿ ಉಂಟು,” ಎಂದರು. “ಆದರೆ ಈಗ ನಡೆಯುವುದು ಇಂಗ್ಲಿಷ್ ಪೀರಿಯಡ್. ಹೋಗಿ ಕೂತುಕೋ.”

ಜುಲೈ ಮೂವತ್ತು. ಮಳೆ ಎಂದರೆ ಎದುರಿನ ಗದ್ದೆ ಕಾಣದಂಥ ಮಳೆ. ಹನ್ನೊಂದರ ಹೊತ್ತಿಗೆ ಹಿನ್ನೀರಿನ ಕಡೆಯಿಂದ ದೋಣಿಯೊಂದು ಬಂದು ದಡ ಹತ್ತಿತು. ಅದರಿಂದ ಇಳಿದವಳು ಸುಂದರಿ. ಅವಳ ಹಿಂದೆ, ತಾಳೆಗರಿಯ ಗೊರಬೆ ಹೊದ್ದ ಐದು ಹುಡುಗಿಯರು. ಅವರಲ್ಲಿ ಇಬ್ಬರು ಏಳನೆಯ ತರಗತಿ ಮುಗಿಸಿ ಎರಡು ವರ್ಷವೇ ಆಗಿ, ಮೀನಿನ ಬುಟ್ಟಿ ಹೊರಲು ಶುರುಮಾಡಿದವರು. ಟೀಚರು ಜಗಲಿಗೆ ಬಂದರು. ಸುಂದರಿ ಒದ್ದೆ ಸೆರಗನ್ನು ಹಿಂಡುತ್ತ, ಒಳಗೆ ಬಾರದೆ ಮೆಟ್ಟಿಲ ಬಳಿಯೇ ನಿಂತು ಗಟ್ಟಿಯಾಗಿ ಮಾತಾಡಿದಳು. ಮಳೆಯ ಸದ್ದಿಗೆ ಗಟ್ಟಿಯಾಗಿಯೇ ಮಾತಾಡಬೇಕಿತ್ತು. ತಟ್ಟಿಯ ಆಚೆಯ ಮೂರೂ ತರಗತಿಗಳು ಅದನ್ನು ಕೇಳಿದವು.

“ದೊಡ್ಡ ಮನೆಯವರು ಬಂದು ಹೇಳಿದರೂ ನೀವು ಆ ಹುಡುಗನನ್ನು ಎಬ್ಬಿಸಲಿಲ್ಲ ಅಂತ ಸರಸ ಬಂದು ಹೇಳಿದಳು. ಹೌದಾ?”

“ಹೌದು.”

“ನಾಳೆ ಇವರ ಮೈಯಲ್ಲಿ ಮೀನಿನ ವಾಸನೆ ಅಂತ ಯಾರಾದರೂ ಬಂದು ಹೇಳಿದರೆ, ಇವರನ್ನೂ ಎಬ್ಬಿಸ್ಲಿಕ್ಕಿಲ್ಲ ಅಲ್ವಾ?”

“ಇಲ್ಲ.”

“ಹಾಗಾದರೆ ಬರೆದುಕೊಳ್ಳಿ. ಕೇರಿಯಲ್ಲಿ ಎಲ್ಲರೂ ಕೂತು ಮಾತಾಡಿ ಆಯ್ತು.”

ಟೀಚರು ಒಬ್ಬೊಬ್ಬಳ ಹೆಸರನ್ನೂ ಅವಳಿಂದಲೇ ಹೇಳಿಸಿಕೊಂಡು ಬರೆದರು. ಶಾಯಿ ಹರಡಿ ಒಂದು ಹೆಸರನ್ನು ಎರಡನೆಯ ಸಲ ಬರೆಯಬೇಕಾಯಿತು. ಗುಣಪಾಲರು ತಟ್ಟಿಯ ಹಿಂದಿನಿಂದ ಬಂದು, ಮೀನಿನ ಮಾತು ಕೇಳಿದರೇ ಮೂಗಿಗೆ ವಸ್ತ್ರ ಹಿಡಿಯುವ ಆ ಜೈನ ಗೃಹಸ್ಥರು, ತಾವೇ ಹಿಂದಿನ ಕೋಣೆಯಿಂದ ಬೆಂಚೊಂದನ್ನು ಬೂಬನ ಜೊತೆ ಹೊತ್ತು ತಂದು ಹಾಕಿದರು.

ಮರುದಿನ ಇನ್ಸ್‌ಪೆಕ್ಟರರು ಬಂದಾಗ ಟೀಚರು ಎಂದಿನಂತೆ ಹಾಜರಿ ಕರೆದರು. ಬಂದವರು ವಯಸ್ಸಾದ, ಮಂಡಿನೋವಿನ ಮನುಷ್ಯ. ಕುರ್ಚಿಯಲ್ಲಿ ಕೂತು ಎಣಿಸಲೆಂದು ಪೆನ್ಸಿಲ್ ಹಿಡಿದಿದ್ದರು. ಇಪ್ಪತ್ತಾರು ಹೆಸರುಗಳು, ಐದು ನುಡಿಗಳ ಧಾಟಿಯಲ್ಲಿ, ಒಂದೊಂದಾಗಿ ಹೊರಬಿದ್ದವು; ಇಪ್ಪತ್ತಾರು ದನಿಗಳು ಉತ್ತರಿಸಿದವು. ಅರ್ಧದಲ್ಲೆಲ್ಲೋ ಅವರು ಪೆನ್ಸಿಲನ್ನು ಕೆಳಗಿಟ್ಟು ಸುಮ್ಮನೆ ಕೇಳಲು ತೊಡಗಿದರು. ಮುಗಿದ ಮೇಲೆ, “ಎಷ್ಟಾಯ್ತು? ನನಗೆ ಎಣಿಕೆ ತಪ್ಪಿತು,” ಎಂದರು. ಟೀಚರು ಹೇಳಿದರು. ಅವರು ಬರೆದುಕೊಂಡರು. ಹೋಗುವಾಗ ಜಗಲಿಯಲ್ಲಿ ನಿಂತು, “ಈ ವಲಯದಲ್ಲಿ ನಾನು ಇಪ್ಪತ್ತೆರಡು ಹೈಸ್ಕೂಲು ನೋಡಿದ್ದೇನೆ ಅಮ್ಮಾ,” ಎಂದು ಶುರುಮಾಡಿ, ಏನು ಹೇಳಬೇಕೆಂದಿದ್ದರೋ ಅದನ್ನು ಪೂರ್ತಿ ಮಾಡದೆ, ಕೊಡೆ ಬಿಡಿಸಿ ಮಳೆಗಿಳಿದರು. ಮಂಜೂರಾತಿಯ ಕಾಗದ ಎರಡು ವಾರದಲ್ಲಿ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೇರಿಸಿಕೊಂಡವರನ್ನು ಉಳಿಸಿಕೊಳ್ಳುವುದು ಸೇರಿಸುವುದಕ್ಕಿಂತ ಕಷ್ಟ. ಸೆಪ್ಟೆಂಬರಿನಲ್ಲಿ ದೋಣಿಗಳು ಕಡಲಿಗಿಳಿದವು. ಬೆಳಗಿನ ಮೀನು ದಡಕ್ಕೆ ಬರುವ ಹೊತ್ತಿಗೆ ಕೇರಿಯ ಆರು ಹುಡುಗಿಯರ ಜಾಗಗಳು ಖಾಲಿಯಾಗತೊಡಗಿದವು. ಟೀಚರು ಒಂದು ವಾರ ಮುಂಜಾನೆ ದಿಣ್ಣೆಯ ಮೇಲೆ ನಿಂತು ದೋಣಿಗಳು ಬರುವ ಸಮಯ ಗುರುತು ಹಾಕಿಕೊಂಡು, ವೇಳಾಪಟ್ಟಿಯನ್ನು ಬದಲಿಸಿದರು. ಗಣಿತ, ಇಂಗ್ಲಿಷ್, ವಿಜ್ಞಾನ ಮಧ್ಯಾಹ್ನಕ್ಕೆ. ಕಸೂತಿ, ತೋಟಗಾರಿಕೆ, ಆಟ ಬೆಳಿಗ್ಗೆಗೆ. ಊಟವಾದ ಮೇಲೆ ತೂಕಡಿಸುವ ಹೊತ್ತಿಗೆ ರೇಖಾಗಣಿತ ಕಲಿಸುವುದೆಂದರೆ ಗುಣಪಾಲರಿಗೆ ಶಿಕ್ಷೆಯೇ ಸರಿ. ಗೊಣಗಿದರು, ಕಲಿಸಿದರು. ಮೊದಮೊದಲು ಕರ್ಪೂರ ಹಾಕಿದ ಕರವಸ್ತ್ರವನ್ನು ಮೂಗಿನ ಬಳಿ ಹಿಡಿಯುತ್ತಿದ್ದವರು, ಸರಸ ತಾವು ಕಲಿಸದ ದಾರಿಯಲ್ಲಿ ಒಂದು ಪ್ರಮೇಯವನ್ನು ಸಾಧಿಸಿ ತೋರಿಸಿದ ದಿನ ಕರವಸ್ತ್ರವನ್ನು ಎಲ್ಲಿಟ್ಟರೋ ಮರೆತರು. ಆಮೇಲೆ ಅದು ಕಾಣಿಸಲೇ ಇಲ್ಲ.

ತೆಂಕುಮನೆಯ ನಾಲ್ವರಲ್ಲಿ ಇಬ್ಬರು ಮರುವರ್ಷ ಹಿಂದಿರುಗಿದರು. ಇಬ್ಬರು ಉಡುಪಿಯಲ್ಲೇ ಓದು ಮುಗಿಸಿದರು. ಯಜಮಾನರು ಮಾತ್ರ ಕೊನೆಯವರೆಗೆ ದಾರಿಯಲ್ಲಿ ಎದುರಾದರೆ ಕೊಡೆಯನ್ನು ಓರೆಮಾಡಿಕೊಂಡು ಹೋಗುತ್ತಿದ್ದರು. ಟೀಚರು ಪ್ರತಿ ಸಲವೂ ನಿಂತು ನಮಸ್ಕರಿಸುತ್ತಿದ್ದರು.

ಆ ತಂಡದ ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ ನೇರಳೆಕುದ್ರುವಿಗೆ ಪತ್ರಿಕೆ ಬಂದದ್ದು ಒಂದೇ ಪ್ರತಿ. ಸಂಜೆಯ ಹೊತ್ತಿಗೆ ಅದು ಕೈಯಿಂದ ಕೈಗೆ ಹೋಗಿ ನಾಲ್ಕು ಚೂರಾಗಿತ್ತು. ಸರಸ ಪ್ರಥಮ ದರ್ಜೆ. ಪ್ಯಾಟ್ರಿಶಿಯಾ ದ್ವಿತೀಯ. ಹಮ್ಮಬ್ಬರ ಅವಳಿಗಳಲ್ಲಿ ಹುಡುಗಿ ಪಾಸು, ಹುಡುಗ ನಪಾಸು. ಹಮ್ಮಬ್ಬರು ಆ ವಾರವಿಡೀ ಅಂಗಡಿಯಲ್ಲಿ ಮಗಳ ವಿಚಾರ ಮಾತ್ರ ಮಾತಾಡಿದರಂತೆ. ಐತ ಇಂಗ್ಲಿಷಿನಲ್ಲಿ ಬಿದ್ದ. ಟೀಚರು ಬೇಸಗೆಯ ರಜೆಯನ್ನೆಲ್ಲ ಗುಡ್ಡೆಯ ಬದಿಯ ಆ ಕಲ್ಲಿನ ಮೇಲೆ ಕೂತು ಅವನಿಗೆ ಕಲಿಸಿದರು, ಎರಡನೆಯ ಸಲಕ್ಕೆ ಪಾಸಾದ. ತರಬೇತಿ ಮುಗಿಸಿ, ಕಾರ್ಕಳದ ಸಮೀಪದ ಒಂದು ಪ್ರಾಥಮಿಕ ಶಾಲೆಗೆ ಮಾಸ್ತರಾಗಿ ಹೋದ. ಕೊಗ್ಗ ಮಗನನ್ನು ಕೆಲಸಕ್ಕೆ ಬಿಡಲು ಹೋಗಿದ್ದವನು, ಆ ಶಾಲೆಯ ಒ‌ಳಗೆ ಹೋಗಿ ಮಾಸ್ತರರ ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ಬಂದನೆಂದು ಬೂಬ ವರದಿ ಒಪ್ಪಿಸಿದ. ಸರಸ ಮಣಿಪಾಲದಲ್ಲಿ ಕಾಲೇಜು ಓದಿ, ಕಾಪುವಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸತೊಡಗಿದಳು. ಭಾನುವಾರ ಇಗರ್ಜಿಯ ಹೊರಗೆ ಗುಂಪುಗೂಡಿದವರ ನಡುವೆ ಕ್ಲಾರೆನ್ಸ್ ತನ್ನ ಮಗಳ ಅಂಕಗಳನ್ನು ಹೇಳಿದ ಮೇಲೆ, “ನಮ್ಮ ಅಕ್ಕನ ಶಾಲೆ ಮಾರಾಯ್ರೆ, ಪೇಟೆಯ ಶಾಲೆಗಳಿಗಿಂತ ಎಂತ ಕಮ್ಮಿ?” ಎಂದು ಸವಾಲು ಹಾಕುತ್ತಿದ್ದುದನ್ನು ಟೀಚರು ಕೇಳಿಯೂ ಕೇಳದವರಂತೆ ದಾಟಿ ಹೋದರು. ಅಂದು ಅವರ ನಡಿಗೆ ಎಂದಿಗಿಂತ ಸ್ವಲ್ಪ ನಿಧಾನವಾಗಿತ್ತು.

ಅರುವತ್ತೆಂಟನೆಯ ಇಸವಿಯಲ್ಲಿ ಅವರು ನಿವೃತ್ತರಾದಾಗ ಶಾಲೆಗೆ ಕಲ್ಲಿನ ಹೊಸ ಕಟ್ಟಡ ಬಂದಿತ್ತು. ಮಕ್ಕಳು ಇನ್ನೂರ ಮೂವತ್ತರ ಮೇಲೆ. ಆ ವರ್ಷದ ಜೂನ್ ತಿಂಗಳ ದಾಖಲಾತಿಯ ದಿನ ತಾಯಂದಿರ ಸಾಲು ಜಗಲಿಯನ್ನು ದಾಟಿ ಗೇಟಿನವರೆಗೆ ನಿಂತಿತ್ತು. ಬುಟ್ಟಿಯವರು, ಬುರ್ಖಾದವರು, ಪೇಟೆಯ ಸೀರೆಯವರು, ಒಬ್ಬರ ಕೊಡೆಯಡಿಯಲ್ಲಿ ಇನ್ನೊಬ್ಬರು. ಸಾಲಿನಲ್ಲಿ ಹಿಂದೆ ನಿಂತಿದ್ದ ಯುವತಿಯೊಬ್ಬಳು ತಾಳ್ಮೆಗೆಟ್ಟು, “ಎಷ್ಟು ಹೊತ್ತು ಮಾರಾಯ್ರೆ ಇದು! ಒಂದು ಹೆಸರು ಬರೆಯಲಿಕ್ಕೆ ಇಷ್ಟು ತಡವಾ?” ಎಂದು ಗೊಣಗಿದಳು. ಮೇಜಿನ ಹಿಂದೆ ಕೂತಿದ್ದ ಟೀಚರು ತಲೆಯೆತ್ತಿ ಅವಳನ್ನೇ ನೋಡಿದರು. ಬೂಬನ ಜಾಗಕ್ಕೆ ಬಂದಿದ್ದ ಹೊಸ ಜವಾನ ಅವಳನ್ನು ಗದರಿಸಲು ಹೊರಟಾಗ, ಬೇಡವೆಂದು ಕೈಸನ್ನೆ ಮಾಡಿ ನಕ್ಕರು. ಅಷ್ಟು ಬಾಯಿ ತುಂಬ ನಕ್ಕದ್ದನ್ನು ಗುಣಪಾಲರು ಅವರೊಡನೆ ಕಳೆದ ಹನ್ನೊಂದು ವರ್ಷಗಳಲ್ಲಿ ಕಂಡಿರಲಿಲ್ಲ.

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಐವತ್ತು, ಅರುವತ್ತರ ಆ ಎರಡು ದಶಕಗಳಲ್ಲಿ ಇಂಥ ಕೆಲವರು ಆಗಿಹೋದರು. ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯಿತು, ಜಾಗ ಕೊಟ್ಟವರ ಭಾವಚಿತ್ರ ಗೋಡೆಯ ಮೇಲೆ ಉಳಿಯಿತು. ಮಕ್ಕಳನ್ನು ಮನೆಮನೆಯಿಂದ ಕರೆತಂದು ಒಂದೇ ಬೆಂಚಿನಲ್ಲಿ ಕೂರಿಸಿದವರ ಗುರುತನ್ನು ಎಲ್ಲಿ ಹುಡುಕುವುದು? ಅವರು ಎಷ್ಟು ಹಟದಿಂದ ಅದನ್ನು ಮಾಡಿದರೆಂದರೆ, ಹತ್ತು ವರ್ಷ ಕಳೆಯುವುದರೊಳಗೆ ಊರಿಗೆ ಅದು ಯಾವಾಗಲೂ ಹಾಗೆಯೇ ಇತ್ತೆಂದು ತೋರತೊಡಗಿತು. ಹೊಸ ತಾಯಂದಿರಿಗೆ ಅದೊಂದು ಸಾಹಸವಾಗಿತ್ತೆಂಬ ಕಲ್ಪನೆಯೇ ಇಲ್ಲ. ಅವರಿಗಿರುವುದು ಸಾಲು ಉದ್ದವಾಯಿತೆಂಬ ಸಿಟ್ಟು ಮಾತ್ರ. ಇಂಥವರು ಕೃತಜ್ಞತೆಯನ್ನು ಬಯಸಿ ಬದುಕಿದವರಲ್ಲ. ಬಯಸಿದ್ದರೆ ಆ ಸಿಟ್ಟನ್ನು ಕಂಡು ಅವರು ನಗುತ್ತಿರಲಿಲ್ಲ.